ಅಪ್ಪನ ದನಿಯಲ್ಲಿ ನಾನು ಗೆದ್ದ ಯುದ್ಧ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮಪ್ಪನ ಯುದ್ಧವನ್ನು ಅಳಿಸಿಹಾಕಿದವನು ನಾನೇ. ಅದೂ ಬರೀ ಹೆಬ್ಬೆರಳಲ್ಲಿ. ಇವತ್ತು ಅಜ್ಜಂಪುರದ ಬಸ್ಸಿಗೆ ಕಾಯುತ್ತಿದ್ದಾಗ ಫೋನು ‘ಜಾಗ ತುಂಬಿದೆ, ಏನಾದರೂ ಅಳಿಸಿ’ ಎಂದಿತು. ಬೆರಳು ಕೆಂಡ ಮುಟ್ಟಿದಂತೆ ಹಿಂದೆ ಸರಿಯಿತು. ಬಸ್ಸು ಹೇಗೂ ತಡ, ಕೇಳಿ.

ಅಪ್ಪ ವಾಯುಪಡೆಯಲ್ಲಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ವಿಮಾನಕ್ಕೆ ಗುಂಡು ತಗುಲಿ, ಪ್ಯಾರಾಶೂಟಿನಲ್ಲಿ ಇಳಿದು, ಗಡಿಯಾಚೆ ಸೆರೆ ಸಿಕ್ಕವರು. ನಮ್ಮೂರು ಯಗಟಿಗೆ ಮರಳಿದ ಮೇಲೆ ಆ ದಿನಗಳನ್ನು ಕೇಳಿದರೆ ‘ತೆಂಗಿಗೆ ನೀರು ಬಿಟ್ಯೇನೋ?’ ಎನ್ನುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅವರ ತಲೆ ನರೆತಿತ್ತು. ನೀವು ವಯಸ್ಸು ಎಣಿಸುವ ಮೊದಲೇ ಹೇಳಿದೆ. ತರೀಕೆರೆಯಲ್ಲಿ ಟೀಚರಾಗಿರುವ ಅಕ್ಕ ವರ್ಷಗಟ್ಟಲೆ ಬೆನ್ನುಹತ್ತಿ, ಹತ್ತು ವರ್ಷದ ಹಿಂದೆ ಅಂತೂ ಒಪ್ಪಿಸಿದಳು.

‘ಒಂದೇ ಸಲ ಹೇಳ್ತೀನಿ ಕಣಮ್ಮ. ಯಾರೂ ಎದುರಿಗೆ ಇರ್ಬಾರ್ದು, ಮತ್ತೆ ಕೇಳ್ಬಾರ್ದು.’

ನನ್ನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಅವರ ಮುಂದಿಟ್ಟು ಹೊರಗೆ ಬಂದೆವು. ಅಪ್ಪ ಒಬ್ಬರೇ ಕೂತು ಫೋನಿಗೆ ಹೇಳಿದರು.

ಆಗ ನಾನು ಮದುವೆಮನೆಗಳ ಮಿಮಿಕ್ರಿ ಕಲಾವಿದ. ಕಲಾವಿದ ಎಂದವನು ನಾನೊಬ್ಬನೇ. ಕಂಡಕ್ಟರು, ಕುರಿ ದಲ್ಲಾಳಿ, ಸೀನುತ್ತಲೇ ಬೈಯುವ ಚಿಕ್ಕಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಕಡೂರಿನ ಮದುವೆಯೊಂದರಲ್ಲಿ ನನ್ನದೇ ವಿಡಿಯೊ ಹಿಡಿಯಲು ಜಾಗ ಸಾಲದೆ, ಏನೆಂದು ನೋಡದೆ ‘ಅಳಿಸು’ ಒತ್ತಿದೆ. ಯುದ್ಧ ಮುಗಿಯಿತು.

ಅಕ್ಕನಿಗೆ ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಅಪ್ಪನ ದನಿ ಬರುತ್ತಿತ್ತು! ಕದ ಹಾಕಿಕೊಂಡು, ಕೆಮ್ಮಿನ ಸಮೇತ, ನಾನೇ ಕೇಳದ ಕಥೆಯನ್ನು ಅರ್ಧ ಗಂಟೆ ಫೋನಿಗೆ ಹೇಳಿದೆ.

ಭಾನುವಾರ ಫೋನು ಹಿಡಿದು ತರೀಕೆರೆಗೆ ಹೋದರೆ, ಬೆನ್ನುನೋವು ತೋರಿಸಲು ಬಂದಿದ್ದ ಅಪ್ಪ ಅಲ್ಲೇ ಕುರ್ಚಿಯಲ್ಲಿ! ಅಕ್ಕ ನೋಟ್‌ಬುಕ್ ತೆರೆದಳು. ಫೋನು ಗುಡುಗಿತು: ‘ಶತ್ರು ಕೊಟ್ಟ ರೊಟ್ಟೀನ ಅವನ ಮುಖಕ್ಕೇ ಎಸ್ದೆ!’

‘ನಿಲ್ಸು ಅದನ್ನ,’ ಅಂದರು ಅಪ್ಪ. ‘ನಾನೆಲ್ಲಮ್ಮ ಎಸ್ದೆ? ತಿಂದೆ. ಎರಡು ದಿನ ಹೊಟ್ಟೆಗೇನೂ ಇರ್ಲಿಲ್ಲ. ಕಾವಲಿನೋನು ತನ್ನ ರೊಟ್ಟೀಲೇ ಅರ್ಧ ಮುರ್ದು ಕೊಟ್ಟ. ಅವ್ನೂ ಬೇಸಾಯದೋನೇ ಕಣಮ್ಮ. ನಿಮ್ಕಡೆ ಮಳೆ ಆಯ್ತಾ ಅಂತ ಕೇಳ್ದ.’

ಅಕ್ಕನ ಪೆನ್ನು ಓಡಿತು. ಮತ್ತೆ ಒತ್ತಿದಳು, ಫೋನು ಈಗ ಜೈಲಿನ ಗೋಡೆ ಹಾರಿತು.

‘ಕಾಲು ಮುರ್ಕೊಂಡೋನು ಗೋಡೆ ಎಲ್ಲಿ ಹಾರ್ಲಿ?’

ಹೀಗೆ ಒಂದೊಂದು ಸುಳ್ಳಿಗೂ ಅಪ್ಪ ಒಂದೊಂದು ನಿಜ ತೆತ್ತರು. ಸಿಟ್ಟಿನಲ್ಲಿ ಷರತ್ತೇ ಮರೆತುಹೋಗಿತ್ತು. ಬಿಡುಗಡೆಯ ದಿನ ಅವರಿಗಿದ್ದ ಹೆದರಿಕೆ ಒಂದೇ ಅಂತೆ: ‘ಅವ್ವ ಎಲ್ಲಿ ನನ್ನ ತಿಥಿ ಮಾಡಿಬಿಟ್ಟಿರ್ತಾಳೋ ಅಂತ.’ ಅಕ್ಕ ಅಳುತ್ತಾ ನಕ್ಕಳು, ನಗುತ್ತಾ ಬರೆದಳು. ಮೂರು ಗಂಟೆ ಕಳೆದ ಮೇಲೆ ಪೆನ್ನು ನಿಲ್ಲಿಸಿ ನನ್ನ ಕಿವಿ ಹಿಡಿದಳು.

‘ಲೇ, ಫೋನಲ್ಲಿರೋದು ಅಪ್ಪ ಹೇಳಿದ್ದಲ್ದಿದ್ರೆ ಯಾರೋ ಹೇಳಿದ್ದು?’

ಒಪ್ಪಿಕೊಂಡೆ. ಹೆದರಿಕೆಗೆ ಚಿಕ್ಕಪ್ಪನ ದನಿಯೇ ಬಂತು, ಸೀನಿನ ಸಮೇತ.

‘ಇವ್ನಿಗೇನು ಮಾಡ್ಬೇಕು, ನೀನೇ ಹೇಳಪ್ಪ!’ ಎಂದು ಅಕ್ಕ ಕಿರುಚಿದಳು.

ಅಪ್ಪನಿಗೆ ಈಗ ಮರೆವು. ಅಕ್ಕ ಓದಿ ಹೇಳಿದರೆ, ಮಳೆ ಕೇಳಿದ ಕಾವಲಿನವನ ಜಾಗದಲ್ಲಿ ಮಾತ್ರ ನಗುತ್ತಾರೆ. ಆ ನೋಟ್‌ಬುಕ್ ನನ್ನ ಚೀಲದಲ್ಲಿದೆ, ಅಜ್ಜಂಪುರದಲ್ಲಿ ಟೈಪು ಮಾಡಿಸಬೇಕು. ನಾನು ಒಂದಕ್ಷರ ಸೇರಿಸಿಲ್ಲ, ಆಣೆ. ಅವತ್ತು ನನ್ನ ಬಗ್ಗೆ ಅಪ್ಪ ಕೊಟ್ಟ ತೀರ್ಪನ್ನೂ ಅಕ್ಕ ಕೊನೆಯ ಪುಟದಲ್ಲಿ ಇದ್ದ ಹಾಗೇ ಬರೆದಿಟ್ಟಿದ್ದಾಳೆ:

‘ಬಿಡಮ್ಮ. ಅಲ್ಲಿ ಅವ್ರು ವಾರಗಟ್ಲೆ ಕೇಳಿದ್ರೂ ಹೆಸ್ರು, ನಂಬರು ಬಿಟ್ಟು ನನ್ ಬಾಯಿಂದ ಏನೂ ಹೊರಡ್ಲಿಲ್ಲ. ಇವ್ನು ನೋಡು, ಕೂತ ಕುರ್ಚೀಲೇ ಎಲ್ಲಾ ಕಕ್ಕಿಸ್ಬಿಟ್ಟ!’