ಸ್ಕೂಟರಿಗೊಂದು ಜ್ವರದ ಚಾರ್ಟ್

"ಹೊಟ್ಟಿಗಿ ಏನ್ ಹಾಕಿದ್ವಿ ಅಂತ ಕೇಳದೆ ಬ್ಯಾನಿ ಹ್ಯಾಂಗ ಗೊತ್ತಾಗ್ತದರಿ?"

ಹೀಗೆ ಕೇಳಿದವಳು ನನ್ನ ಹೆಂಡತಿ ಮಹಾದೇವಿ. ಕೇಳಿದ್ದು ಸ್ಕೂಟರಿನ ಬಗ್ಗೆ.

ಮಹಾದೇವಿ ನರ್ಸ್. ಹನ್ನೊಂದು ವರ್ಷದಿಂದ ಬೀದರದ ನಮ್ಮ ಮನೆಯಿಂದ ಬಗದಲ್‌ಗೆ ಆಸ್ಪತ್ರೆ ಕೆಲಸಕ್ಕೆ ದಿನಾ ಹೋಗಿ ಬರುತ್ತಾಳೆ. ಈ ಚಳಿಗಾಲದಲ್ಲಿ ಅವಳ ಸ್ಕೂಟರ್ ದಾರಿ ಮಧ್ಯೆ ಆಫ್ ಆಗಲು ಶುರುವಾಯಿತು. ಕೆಮ್ಮಿಲ್ಲ, ನೆಗಡಿಯಿಲ್ಲ, ಓಡುತ್ತಿದ್ದದ್ದು ಒಮ್ಮೆಲೇ ಬಂದ್. ಐದು ನಿಮಿಷ ಅಲುಗಾಡಿಸಿದರೆ ಮತ್ತೆ ಚಾಲೂ. ಹಿಂದೆ ಲಾರಿ ಬರುತ್ತಿದ್ದರೆ? ಒಂದು ಸಂಜೆ ಬರುತ್ತಿತ್ತು. ಡ್ರೈವರ್ ಪುಣ್ಯಾತ್ಮ, ಸಕಾಲಕ್ಕೆ ಬ್ರೇಕ್ ಒತ್ತಿದ.

ಔರಾದಿನಿಂದ ನಮ್ಮಣ್ಣನ ಫೋನ್ ಬಂತು. "ತಮ್ಮಾ, ಆಕಿಗಿ ಬೀದರದಾಗ ಆಫೀಸಿನ ಕೆಲಸ ಕೇಳ್ಲಿಕ್ಕ ಹೇಳು. ಹೆಣ್ಮಗಳು ಹಿಂಗ ರಸ್ತಾದಾಗ ನಿಂದರೂದು ಚಲೋ ಅಲ್ಲ."

ನಾನೇನು ಮಾಡಿದೆ? ವರ್ಗಾವಣೆ ಅರ್ಜಿ ಟೈಪ್ ಮಾಡಿ, ಪ್ರಿಂಟ್ ತೆಗೆದು ಅವಳ ಮುಂದಿಟ್ಟೆ. (ಅಂಕಣ ಬರೆಯುವವನಿಗೆ ಅರ್ಜಿ ಬರೆಯುವುದು ಎಷ್ಟು ಹೊತ್ತಿನ ಕೆಲಸ?) ಅವಳು ಓದಿದಳು. ಬಗದಲ್‌ನಲ್ಲಿ ಅವಳ ಕೈಯಿಂದ ಮೊದಲ ಇಂಜೆಕ್ಷನ್ ತೆಗೆದುಕೊಂಡ ಮಕ್ಕಳು ಈಗ ಸೈಕಲ್ ಹೊಡೆಯುತ್ತಿದ್ದಾರೆ.

"ಸೋಮವಾರತನ ತಡೀರಿ," ಎಂದಳು. "ಅಷ್ಟರಾಗ ಗಾಡಿ ನೆಟ್ಟಗಾಗ್ಲಿಲ್ಲಂದ್ರ ಸಹಿ ಹಾಕ್ತೇನಿ." ದನಿ ಸಣ್ಣಗಾಗಿತ್ತು. ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಇತ್ತ ನಮ್ಮ ಮೆಕ್ಯಾನಿಕ್ ಸಲೀಂ ಭಾಯಿ ಎರಡು ಸಲ ಸೋತಿದ್ದರು. ಗಾಡಿ ವೈರಿಂಗ್ ಕೆಲಸದಲ್ಲಿ ಅವರದು ಎತ್ತಿದ ಕೈ. ಪ್ಲಗ್ ಬದಲಿಸಿದರು, ಬ್ಯಾಟರಿ ಬದಲಿಸಿದರು, ಚಾವಿ ಹಾಕುವ ಸ್ವಿಚ್ಚನ್ನೂ ಬದಲಿಸಿದರು. ಅಂಗಡಿ ಮುಂದೆ ಹತ್ತು ರೌಂಡ್ ಹೊಡೆದರೂ ಸ್ಕೂಟರ್ ನಿಲ್ಲಲೇ ಇಲ್ಲ.

"ಗಾಡಿ ಬರಾಬರ್ ಅದರಿ ಸರ್. ಮೇಡಂ ಅವ್ರೇ ಎಕ್ಸಿಲೇಟರ್ ಬಿಡ್ತಿರಬೇಕು," ಎಂದರು. ನಾನು ತಲೆ ಆಡಿಸಿಬಿಟ್ಟೆ. ಅವರ ಮಾತು ಮಹಾದೇವಿಯ ಕಿವಿಗೂ ಬಿತ್ತು; ನಾನು ತಲೆ ಆಡಿಸಿದ್ದು ಮಾತ್ರ ಅವಳಿಗೆ ಇನ್ನೂ ಗೊತ್ತಿಲ್ಲ. (ಈಗ ಗೊತ್ತಾಗುತ್ತದೆ.)

ಅವಳು ಜಗಳ ಮಾಡಲಿಲ್ಲ. ಜ್ವರದ ರೋಗಿಗೆ ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಒಂದು ಹಾಳೆಯಲ್ಲಿ ಗೆರೆ ಎಳೆದು ಚಾರ್ಟ್ ಬರೆದಳು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ನಿಂತಿತು. ಕೊನೆಯ ಕಾಲಮ್ಮಿಗೆ ಅವಳಿಟ್ಟ ಹೆಸರು "ಊಟ". ಪೆಟ್ರೋಲ್ ಎಷ್ಟಿತ್ತು, ಡಿಕ್ಕಿಯಲ್ಲಿ ಏನಿತ್ತು.

ನಮ್ಮ ಕಡೆ ನರ್ಸಮ್ಮ ಬರಿಗೈಲಿ ಮನೆಗೆ ಹೋದರೆ ಜನಕ್ಕೆ ಸಮಾಧಾನವಿಲ್ಲ. ಬೇಡ ಎಂದರೆ ಕೇಳುವುದಿಲ್ಲ, ತಾವೇ ಸೀಟು ಎತ್ತಿ ತುಂಬುತ್ತಾರೆ. ಚಾರ್ಟ್ ಹೀಗಿತ್ತು: ಮಂಗಳವಾರ ಹಸಿ ತೊಗರಿಕಾಯಿ, ನಿಂತಿತು. ಬುಧವಾರ ಖಾಲಿ, ನಿಲ್ಲಲಿಲ್ಲ. ಗುರುವಾರ ಪೇರಲ ಹಣ್ಣು, ಎರಡು ಸಲ ನಿಂತಿತು. ಶುಕ್ರವಾರ ಕೊತ್ತಂಬರಿ ಒಂದು ಕಟ್ಟು, ನಿಲ್ಲಲಿಲ್ಲ. ಬೆಳಿಗ್ಗೆ ಹೋಗುವಾಗ ಡಿಕ್ಕಿ ಖಾಲಿ, ಒಂದು ದಿನವೂ ನಿಂತಿಲ್ಲ.

ಶನಿವಾರ ಆ ಹಾಳೆಯನ್ನು ಸಲೀಂ ಭಾಯಿ ಮುಂದೆ ಹಿಡಿದಳು. ಅವರು ಓದಿ, ಸೀಟು ಎತ್ತಿ ಡಿಕ್ಕಿ ನೋಡಿದರು. ನನಗೂ ಆಗ ಹೊಳೆಯಿತು. ರಿಪೇರಿಗೆ ಕೊಡುವ ಮೊದಲು ಡಿಕ್ಕಿ ಖಾಲಿ ಮಾಡುವುದು ನಮ್ಮೆಲ್ಲರ ರೂಢಿ. ಎರಡೂ ಸಲ ಖಾಲಿ ಮಾಡಿದವನು ನಾನೇ. ಅಂದರೆ ಡಾಕ್ಟರ ಹತ್ತಿರ ಹೋಗುವಾಗೆಲ್ಲ ರೋಗವನ್ನು ಮನೆಯಲ್ಲಿ ಬಿಟ್ಟು ಹೋಗಿದ್ದೆ.

ಮನೆಯಿಂದ ತಂದಿದ್ದ ತೊಗರಿಕಾಯಿ ಚೀಲವನ್ನು ಮಹಾದೇವಿ ಡಿಕ್ಕಿಗೆ ತುರುಕಿದಳು. ಸಲೀಂ ಭಾಯಿ ರೌಂಡ್ ಹೊರಟರು. ಹೋದದ್ದು ಹತ್ತಿಕೊಂಡು, ಬಂದದ್ದು ತಳ್ಳಿಕೊಂಡು. ಮುಖದ ತುಂಬ ನಗು.

ಡಿಕ್ಕಿ ಬಿಚ್ಚಿದರು. ಕೆಳಗೆ ಹಾದುಹೋಗುವ ಒಂದು ವೈರಿನ ಸಿಪ್ಪೆ ತಿಕ್ಕಿ ತಿಕ್ಕಿ ಸವೆದು ತಾಮ್ರ ಇಣುಕುತ್ತಿತ್ತು. ಭಾರ ಬಿದ್ದಾಗ ಡಿಕ್ಕಿ ತಗ್ಗುವುದು, ವೈರು ಕಬ್ಬಿಣಕ್ಕೆ ತಾಗುವುದು, ಇಂಜಿನ್ ಬಂದ್. ಬೆರಳಷ್ಟು ಟೇಪು, ಒಂದು ಕ್ಲಿಪ್ಪು. ಇಷ್ಟೇ ಔಷಧ.

"ಸಿಸ್ಟರ್, ತೀಸ್ ಸಾಲ್, ಮೂವತ್ತು ವರ್ಷ ಆಯ್ತು ಈ ಧಂದಾ ಶುರು ಮಾಡಿ," ಎಂದರು ಸಲೀಂ ಭಾಯಿ. "ಗಾಡಿ ಏನ್ ತಿಂದಿತ್ತು ಅಂತ ಯಾರೂ ಬರ್ಕೊಂಡು ಬಂದಿದ್ದಿಲ್ಲ. ಎಕ್ಸಿಲೇಟರ್ ಮಾತಿಗಿ ಮಾಫ್ ಮಾಡ್ರಿ. ಈ ಕಾಗದ ನನಗ ಕೊಡ್ರಿ, ಅಂಗಡ್ಯಾಗ ಹಚ್ತೀನಿ."

ನನಗೆ ಎದೆ ಉಬ್ಬಿತು. ಹೆಂಡತಿಯ ಬಗ್ಗೆ ಹೆಮ್ಮೆ ಪಡಲು ಸನ್ಮಾನ, ಶಾಲು ಬೇಕೇ? ಅಣ್ಣನಿಗೆ ಅಲ್ಲಿಂದಲೇ ಫೋನ್ ಹಚ್ಚಿ ಎಲ್ಲ ಹೇಳಿದೆ. "ಆಕಿ ಬಗದಲ್ ಬಿಡೂದು ಬ್ಯಾಡ ಹಂಗಾದ್ರ," ಎಂದ ಅವನು, ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದವನಂತೆ.

ಸೋಮವಾರ ಸಂಜೆ ಮಹಾದೇವಿ ಡಿಕ್ಕಿ ತುಂಬ ಬದನೆಕಾಯಿ ಹೇರಿಕೊಂಡು, ಎಲ್ಲೂ ನಿಲ್ಲದೆ ಮನೆಗೆ ಬಂದಳು.

ಚಾರ್ಟ್ ಈಗ ಸಲೀಂ ಭಾಯಿಯ ಗೋಡೆ ಮೇಲಿದೆ. ಬಂದವರೆಲ್ಲ ಓದುತ್ತಾರೆ. ಅವಳು ಅದನ್ನು ಬರೆದದ್ದು ನಾನು ಟೈಪ್ ಮಾಡಿದ್ದ ಅರ್ಜಿಯ ಹಿಂಬದಿಗೆ. ಅರ್ಜಿಯ ಮುಖ ಗೋಡೆಯ ಕಡೆಗಿದೆ.

ಅಂಟು ಹಚ್ಚಿದವನು ನಾನೇ, ತುಸು ಜಾಸ್ತಿಯೇ ಹಚ್ಚಿದ್ದೇನೆ.