ಕುರ್ಚಿ ಎಂದು ಕೇಳಿಸಿತ್ತು

ಹೆಂಡತಿ ಇವತ್ತು ಟ್ರಂಕು ತೆರೆದು ಚಳಿಗೆಂದು ಶಾಲು ತೆಗೆದಳು. ನುಸಿಗುಳಿಗೆಯ ವಾಸನೆ ಕೋಣೆಗೆಲ್ಲ ಹಬ್ಬಿತು. ಟೀಚರಬಾಯಿ ನೆನಪಾದರು... ಅವರ ಸೀರೆಗಳಿಗೂ ಇದೇ ವಾಸನೆ.

ಬಸವಕಲ್ಯಾಣದ ಶಾಲೆಯೊಂದರಲ್ಲಿ ನಾನು ಹೆಡ್‌ಮಾಸ್ತರನಾಗಿದ್ದೆ. ಅವರು ಹುಮನಾಬಾದಿನಿಂದ ದಿನಾ ಬಸ್ಸಿಗೆ ಬಂದು ಪಾಠ ಮಾಡುತ್ತಿದ್ದರು. ಪಾಲಕರು ಬಂದರೆ ನನ್ನ ಕೋಣೆ ದಾಟಿ ನೆಟ್ಟಗೆ ಅವರ ಕ್ಲಾಸಿಗೇ ಹೋಗುವರು. ನನಗೆ ಹೊಟ್ಟೆ ಉರಿಯುತ್ತಿತ್ತು. ಈ ಹೆಂಗಸು ನನ್ನ ಜಾಗಕ್ಕೆ ಕಣ್ಣು ಹಾಕಿದ್ದಾಳೆ ಎಂದು ತೀರ್ಮಾನಿಸಿಬಿಟ್ಟಿದ್ದೆ. ಅವರು ನಕ್ಕರೆ ಅನುಮಾನ, ಸುಮ್ಮನಿದ್ದರೆ ಇನ್ನೂ ಅನುಮಾನ.

ಒಂದು ದಿನ ಊಟದ ಹೊತ್ತಿನಲ್ಲಿ ಬೈಬಲ್ಲಿನ ಸೌಲ ರಾಜನ ಕಥೆ ತೆಗೆದರು. ಕುರಿ ಕಾಯುತ್ತಿದ್ದ ದಾವೀದನನ್ನು ಜನ ಹೊಗಳಿದರಂತೆ. ರಾಜನಿಗೆ ಸಹಿಸಲಾಗಲಿಲ್ಲ. ಎದುರಿಗೆ ಕೂತು ವಾದ್ಯ ನುಡಿಸುತ್ತಿದ್ದ ಆ ದಾವೀದನ ಮೇಲೆ ಈಟಿ ಎಸೆದನಂತೆ.

"ಇದು ಹೊರಗಿನ ಜಗಳ ಅಲ್ರೀ ಸರ," ಅಂದರು. "ಸೌಲ, ದಾವೀದ ಇಬ್ರೂ ನಮ್ಮೊಳಗೇ ಅದಾರ. ಮನಸ ಯಾರ ಕೈಯಾಗ ಕೊಡಾಕತ್ತೇವಿ, ಅದನ್ನ ನೋಡ್ಕೋಬೇಕು."

ಮಕ್ಕಳ ಗದ್ದಲದ ನಡುವೆ ನನ್ನತ್ತ ತಿರುಗಿ ಇನ್ನೊಂದು ಮಾತು ಸೇರಿಸಿದರು. "ಕುರ್ಚಿ ಬಿಡ್ರಿ ಸರ" ಎಂದು ಕೇಳಿಸಿತು.

ಬಂತಲ್ಲ ಬಾಯಿಗೆ! ದೇವರ ಕಥೆಯ ನೆಪದಲ್ಲಿ ನನಗೇ ತಿವಿಯುವುದೇ? ಆ ವರ್ಷ ಹೆಚ್ಚುವರಿ ಶಿಕ್ಷಕರು ಯಾರೆಂದು ಮೇಲಿನವರು ಕೇಳಿದಾಗ ಅವರ ಹೆಸರನ್ನೇ ಬರೆದು ಕಳಿಸಿದೆ. ಹುಲಸೂರಿನ ಆಚೆಯ ಹಳ್ಳಿಗೆ ವರ್ಗವಾಯಿತು. ದಿನಾ ಎರಡೆರಡು ಬಸ್ಸು ಹಿಡಿಯಬೇಕು, ಅದೂ ಆ ವಯಸ್ಸಿನಲ್ಲಿ...

ಹೊರಡುವ ದಿನ ನಾನೇ ಕೆಣಕಿದೆ. "ಕುರ್ಚಿ ಬಿಡ್ರಿ ಅಂದಿದ್ರಲ್ಲ, ಈಗ ಯಾರು ಬಿಟ್ರು?"

ಅವರು ಕಕ್ಕಾಬಿಕ್ಕಿಯಾದರು. "ಕುರ್ಚಿ ಅಲ್ರೀ ಸರ, ಭರ್ಚಿ ಅಂದಿದ್ದೆ. ಸೌಲನ ಕೈಯಾಗಿನ ಭರ್ಚಿ, ಆ ಈಟಿ."

ನಾನು ನಂಬಲಿಲ್ಲ. ಸಿಕ್ಕಿಬಿದ್ದ ಮೇಲೆ ಮಾತು ತಿರುಗಿಸುತ್ತಿದ್ದಾರೆ ಅಂದುಕೊಂಡೆ. ಎಷ್ಟೋ ವರ್ಷ ಹಾಗೆಯೇ ಅಂದುಕೊಂಡೆ...

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಹುಮನಾಬಾದಿಗೆ ಹೋದೆ. ಅವರ ಮಗಳು ಚಹಾ ಕೊಟ್ಟು, "ಅವ್ವ ದಿನಾ ನಿಮ್ಮ ಹೆಸರ ಹಿಡದು ಪ್ರಾರ್ಥನಾ ಮಾಡ್ತಿದ್ಳ್ರಿ" ಅಂದಳು. ನಿಜ ಹೇಳುತ್ತೇನೆ, ಆಗಲೂ ನನ್ನ ಬುದ್ಧಿ ಹೋದದ್ದು ಅತ್ತಲೇ. ಕೇಡು ಬಯಸಿರಬೇಕು ಎನಿಸಿತು.

"ಏನಂತ?" ಎಂದು ಕೇಳಿದೆ.

"ಸರ ಭಾಳ ಅಂಜ್ಯಾರ, ಅವರ ಅಂಜಿಕಿ ತೆಗಿಯೋ ದೇವರೇ, ಅಂತ."

ಚಹಾದ ಕಪ್ಪು ಕೆಳಗಿಟ್ಟೆ. ಹೌದು, ನಾನು ಅಂಜಿದ್ದೆ. ಹೆಂಡತಿಗೂ ತಿಳಿಯದ್ದು ಅವರೊಬ್ಬರಿಗೆ ಗೊತ್ತಿತ್ತು. ತಪ್ಪಾಯಿತು ಟೀಚರಬಾಯಿ ಎನ್ನಲು ಇವತ್ತು ನನಗೆ ಬಾಯಿ ಬಂದಿದೆ. ಕೇಳಲು ಅವರಿಲ್ಲ.