ಮಾಷ್ಟ್ರ ನಡಿಗೆ

ಮುದುಕನ ಪಾತ್ರದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಂಟ್ವಾಳ ಪೇಟೆಯಲ್ಲಿ ಒಂದು ಕಾಲಕ್ಕೆ ಜನ ಹೇಳುತ್ತಿದ್ದರು. ಆಗ ನನಗೆ ಇಪ್ಪತ್ತೆಂಟು ವರ್ಷ. ಈಗ ನಿಜವಾಗಿಯೇ ಮುದುಕನಾಗಿದ್ದೇನೆ. ಆ ಹೊಗಳಿಕೆ ಯಾರಿಗೆ ಸೇರಬೇಕಾಗಿತ್ತು ಎಂಬುದನ್ನು ಇನ್ನಾದರೂ ಬರೆದಿಡಬೇಕು.

ಹಗಲಿನಲ್ಲಿ ನಾನು ಬಸ್ ಏಜೆಂಟ್. ಸಿದ್ಧಕಟ್ಟೆ, ಮೂಡುಬಿದಿರೆ ಎಂದು ಕೂಗಿ ಜನ ಹತ್ತಿಸುವುದು ಕೆಲಸ. ಆ ಗಂಟಲು ಕೇಳಿಯೇ ನಾಟಕದವರು ನನ್ನನ್ನು ಕರೆದದ್ದು. ಆದರೆ ಮನೆಯಲ್ಲಿ ತುಳು ಮಾತಾಡಿ ಬೆಳೆದ ನನ್ನ ಬಾಯಲ್ಲಿ ಮಹಾಪ್ರಾಣ ನಿಲ್ಲುತ್ತಿರಲಿಲ್ಲ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದ ಮಾಷ್ಟ್ರು, ನಾನು ಶಾಲೆ ಬಿಟ್ಟು ಎಷ್ಟೋ ವರ್ಷವಾದ ಮೇಲೂ, ಭಾನುವಾರ ತಮ್ಮ ಜಗಲಿಯಲ್ಲಿ ಕೂರಿಸಿಕೊಂಡು ನನ್ನ ಮಾತು ತಿದ್ದುತ್ತಿದ್ದರು.

"ಬಸ್ಸಿಗೆ ಕರೆಯುವ ಹಾಗೆ ಹೇಳಬೇಡ ಮಾರಾಯ. ಇಲ್ಲಿ ರಾಜ ಮಾತಾಡ್ತಾ ಇದ್ದಾನೆ, ಪ್ಯಾಸೆಂಜರ್ ಹತ್ತಿಸುವುದಲ್ಲ."

ನಿವೃತ್ತಿಯಾದ ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಗಾಲು, ಎಡಗೈ ಸೋತವು, ನಾಲಿಗೆ ದಪ್ಪವಾಯಿತು. ದಿನಾ ನಡೆಯಲೇಬೇಕು, ನಡಿಗೆ ನಿಲ್ಲಿಸಿದರೆ ಕಾಲು ಹೋಯಿತೆಂದೇ ಲೆಕ್ಕ ಎಂದು ಡಾಕ್ಟರು ಹೇಳಿದ್ದರು. ಮಾಷ್ಟ್ರು ಮನೆಯಿಂದ ಬಸದಿಯವರೆಗೆ ಕೋಲೂರಿ ನಡೆದು ಬರುತ್ತಿದ್ದರು. ಭಾನುವಾರಗಳಲ್ಲಿ ಜೊತೆಗೆ ನಾನು. ಅವರ ಕಾಲಿಗಿಂತ ಮೊದಲು ಹೆಗಲು ಹೊರಡುತ್ತಿತ್ತು. ಆಮೇಲೆ ಸೊಂಟ, ಕೊನೆಗೆ ಪಾದ ನೆಲದ ಮೇಲೆ ಅರ್ಧ ಚಕ್ರ ಬರೆದು ಮುಂದೆ ಬಂದು ಕೂರುತ್ತಿತ್ತು. ಬೀಳದಂತೆ ಹಿಡಿಯಲು ಹೋದವನು ನಾನು. ಆದರೆ ನನ್ನ ಕಣ್ಣು ಬೇರೆಯೇ ಕೆಲಸ ಮಾಡುತ್ತಿತ್ತು.

ಆ ವರ್ಷ ಮಳೆಗಾಲ ಕಳೆದ ಮೇಲೆ ನಮ್ಮ ಹೊಸ ನಾಟಕದಲ್ಲಿ ನನಗೊಬ್ಬ ಮುದಿ ಪಟೇಲನ ಪಾತ್ರ ಬಂತು. ಅಧಿಕಾರವೆಲ್ಲ ಹೋಗಿದ್ದರೂ "ಎಲ್ಲ ನನ್ನ ಹಿಡಿತದಲ್ಲೇ ಉಂಟು" ಎಂದು ಜಂಬ ಕೊಚ್ಚುವ ನಗೆಪಾತ್ರ. ಟ್ರಯಲ್ ಎಂದು ನಾವು ಕರೆಯುವ ಅಭ್ಯಾಸದಲ್ಲಿ ಅದು ಏಳಲೇ ಇಲ್ಲ. ಒಂದು ದಿನ ನನಗೆ ತಿಳಿಯದಂತೆ ಹೆಗಲು ಮೊದಲು ಹೊರಟಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದನ್ನು ಇಟ್ಟುಕೊಳ್ಳುವ," ಎಂದರು ನಾಟಕ ಕಲಿಸುವವರು.

ನಾನು ಮಾಡಿದ ಜಾಣತನವೆಂದರೆ, ಎಡಗಾಲಿನದ್ದನ್ನು ಬಲಗಾಲಿಗೆ ಬದಲಿಸಿದೆ. ಅಷ್ಟಕ್ಕೆ ಅದು ನನ್ನದಾಯಿತು, ಇನ್ನು ಯಾರಿಗೂ ಗುರುತು ಹತ್ತುವುದಿಲ್ಲ ಎಂದುಕೊಂಡೆ. ಮೂಡುಬಿದಿರೆಯಲ್ಲೇ ಪ್ರದರ್ಶನವಾದಾಗ ಮಾಷ್ಟ್ರನ್ನು ನಾನೇ ಕರೆದೆ, ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದೆ. ಎದುರು ನಿಂತವನ ಬಲಗಾಲು ನೋಡುವವರಿಗೆ ತಮ್ಮ ಎಡಗಡೆಗೇ ಕಾಣುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಅವರು ನಾಟಕದ ಮಾತೆತ್ತಲಿಲ್ಲ. ಬಸದಿಯ ದಾರಿಯಲ್ಲಿ ಹೋಟೆಲಿನ ಎದುರು ಬರುವಾಗ ಬೆಂಚಿನಲ್ಲಿ ಕೂತಿದ್ದವರಲ್ಲಿ ಒಬ್ಬ ಕೂಗಿದ:

"ಏನು ಪಟೇಲ್ರೇ, ಎಲ್ಲ ಹಿಡಿತದಲ್ಲಿ ಉಂಟಾ?"

ಒಳಗಿನಿಂದಲೂ ನಗು ಕೇಳಿತು. ಮಾಷ್ಟ್ರು ನಿಂತರು. ನಿಂತಲ್ಲಿಂದಲೇ ತಿರುಗಿ ಮನೆಯ ಕಡೆ ಹೊರಟರು. ಜಗಲಿಗೆ ಬಂದು ಕೂತ ಮೇಲೆ, ಒಂದೊಂದೇ ಶಬ್ದವನ್ನು ಹಲ್ಲಿನಿಂದ ಹೊರಗೆ ತಳ್ಳುತ್ತಾ ಹೇಳಿದರು:

"ನೀನು ಚೆನ್ನಾಗಿಯೇ ಮಾಡಿದ್ದಿ. ನನಗೆ ಕನ್ನಡಿ ನೋಡಿದ ಹಾಗೆ ಆಯಿತು. ಆದರೆ ನನಗೆ ಈ ದಾರಿಯಲ್ಲಿ ದಿನಾ ನಡೆಯಲಿಕ್ಕೆ ಉಂಟು. ಆ ನಡಿಗೆ ಬಿಟ್ಟುಬಿಡು. ಒಂದು ವರ್ಷದಲ್ಲಿ ಜನ ಮರೆಯುತ್ತಾರೆ."

"ಬಿಡ್ತೇನೆ ಮಾಷ್ಟ್ರೇ," ಎಂದೆ. ಅವರ ಪಾದ ಮುಟ್ಟಿ ಹೇಳಿದೆ.

ಹದಿನೈದು ದಿನವೂ ಆಗಿರಲಿಲ್ಲ, ಬೆಳ್ತಂಗಡಿಯಲ್ಲಿ ನಾಟಕ. ನಾನು ಪಟೇಲನನ್ನು ನೆಟ್ಟಗೆ ನಡೆಸಿದೆ. ಜನ ಸುಮ್ಮನೆ ಕೂತರು. ಪರದೆಯ ಹಿಂದಿನಿಂದ "ಎಂತದು ಮಾರಾಯ, ನಡಿಗೆ ಎಲ್ಲಿ ಹೋಯಿತು?" ಎಂದು ಯಾರೋ ಗದರಿದರು. ಎದುರಿಗೆ ಸೀಟಿ, ಕೂಗು. ನಾನು ತಡೆದುಕೊಳ್ಳಬಹುದಿತ್ತು. ಯಾರೂ ನನ್ನ ಕಾಲು ಹಿಡಿದು ಎಳೆಯಲಿಲ್ಲ. ಹೆಗಲು ಎತ್ತಿದೆ, ಚಪ್ಪಾಳೆ ಸಿಕ್ಕಿತು. ಅಂದಿನ ಚಪ್ಪಾಳೆಯಲ್ಲಿ ನನಗಾದ ಸಂತೋಷವನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಬಹಳ ಸಂತೋಷವಾಗಿತ್ತು.

ಸುದ್ದಿ ಬಸ್ಸಿನಲ್ಲೇ ಮೂಡುಬಿದಿರೆ ತಲುಪಿತು. ಮಾಷ್ಟ್ರು ಬಸದಿಗೆ ಹೋಗುವುದನ್ನು ನಿಲ್ಲಿಸಿದರು, ಆಮೇಲೆ ಅಂಗಳಕ್ಕೂ ಇಳಿಯುತ್ತಿಲ್ಲ ಎಂದು ಕೇಳಿದೆ. ನಾನು ಭಾನುವಾರಗಳಿಗೆ ಏನಾದರೊಂದು ನೆಪ ಹುಡುಕಿಕೊಂಡೆ.

ಆ ಪಟೇಲನಿಂದಾಗಿಯೇ ರೇಡಿಯೋದಿಂದ ಧ್ವನಿಪರೀಕ್ಷೆಗೆ ಕರೆ ಬಂತು. ಮುದುಕನ ಸ್ವರ ಕೊಡಿ ಎಂದರು. ನನ್ನಲ್ಲಿ ಬೇರೆ ಮುದುಕ ಇರಲಿಲ್ಲ. ಶಬ್ದಗಳನ್ನು ಹಲ್ಲಿನಿಂದ ಹೊರಗೆ ತಳ್ಳಿದೆ. ತಕ್ಷಣ ಆರಿಸಿದರು. ನಾಟಕ ಪ್ರಸಾರವಾದ ವಾರ ಮಾಷ್ಟ್ರ ಹೆಂಡತಿ ಬಂಟ್ವಾಳಕ್ಕೆ ಯಾವುದೋ ಮದುವೆಗೆ ಬಂದಿದ್ದವರು ಬಸ್ ನಿಲ್ದಾಣದಲ್ಲಿ ನನ್ನೆದುರು ನಿಂತರು.

"ನೆರೆಮನೆಯಲ್ಲಿ ರೇಡಿಯೋ ಇಟ್ಟಿದ್ದರು, ನಿನ್ನ ಮಾಷ್ಟ್ರೂ ಕೇಳಿದರು. ಕಾಲು ಆಯಿತು, ಈಗ ನಾಲಿಗೆಯೂ ಬೇಕಾಯಿತಾ ನಿನಗೆ?"

ಸುತ್ತ ಜನ ಇದ್ದರು. ನಾನು "ಮೂಡುಬಿದಿರೆ, ಮೂಡುಬಿದಿರೆ" ಎಂದು ಕೂಗಿ ಅವರಿಗೆ ಮುಂದಿನ ಸೀಟು ಹಿಡಿದುಕೊಟ್ಟೆ. ಅಷ್ಟೇ ನನ್ನಿಂದಾದದ್ದು.

ರೇಡಿಯೋ ಕೇಳಿದವರೊಬ್ಬರು ಮದರಾಸಿಗೆ ಕರೆಸಿಕೊಂಡರು. ಮೂರು ಸಿನಿಮಾಗಳಲ್ಲಿ ಕಾಣಿಸಿಕೊಂಡೆ. ಒಂದರಲ್ಲಿ ದೇವಸ್ಥಾನದ ಕಾವಲುಗಾರ, ಎರಡರಲ್ಲಿ ಅಜ್ಜ. ಮೂರರಲ್ಲೂ ಅದೇ ಹೆಗಲು. ನಾಲ್ಕನೆಯದಕ್ಕೆ, ಬೇರೆ ಏನಾದರೂ ಮಾಡಿ ತೋರಿಸಿ ಎಂದರು. ತೋರಿಸಲು ಏನೂ ಇರಲಿಲ್ಲ. ಊರಿಗೆ ಬಂದು ಮತ್ತೆ ಬಸ್ಸಿನ ಕೆಲಸಕ್ಕೇ ಸೇರಿದೆ.

ಆಗ ಒಂದು ಮಧ್ಯಾಹ್ನ ಮೂಡುಬಿದಿರೆಗೆ ಹೋದೆ, ಕ್ಷಮೆ ಕೇಳಲೆಂದೇ. ಮಾಷ್ಟ್ರು ಜಗಲಿಯಲ್ಲಿ ಒರಗುಕುರ್ಚಿಯಲ್ಲಿದ್ದರು. ಎಡಗಾಲು ಬಡಕಲಾಗಿ ಒಳಕ್ಕೆ ತಿರುಗಿತ್ತು.

"ಇನ್ನು ಪ್ರತಿ ಭಾನುವಾರ ಬರ್ತೇನೆ ಮಾಷ್ಟ್ರೇ. ಬಸದಿ ತನಕ ಹೋಗಿ ಬರುವ."

"ಇನ್ನು ಅದು ಏಳುವುದಿಲ್ಲ ಮಾರಾಯ," ಎಂದರು. ಕೋಪವಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಬಲಗೈಯಿಂದ ಅಂಗಳ ತೋರಿಸಿ, "ನೀನೊಮ್ಮೆ ನಡೆ. ಆಗ ನಾನು ಹೇಗೆ ಹೋಗ್ತಿದ್ದೆ ಅಂತ ನೋಡುವ," ಎಂದರು.

ಆಗುವುದಿಲ್ಲ ಎನ್ನಬಹುದಿತ್ತು. ನಾನು ಅಂಗಳಕ್ಕಿಳಿದೆ. ಆ ತುದಿಯಿಂದ ಈ ತುದಿಗೆ ನಡೆದೆ. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಶಾಲೆಯಲ್ಲಿ ಪದ್ಯ ಒಪ್ಪಿಸುವಾಗ ನೋಡುತ್ತಿದ್ದ ಹಾಗೆ ನೋಡಿದರು. ಬಾಗಿಲಿಗೆ ಬಂದ ಅವರ ಹೆಂಡತಿ ನನ್ನನ್ನು ಕಂಡು ಒಳಗೆ ಹೋಗಿಬಿಟ್ಟರು.

"ಇಷ್ಟು ಚೆನ್ನಾಗಿ ಹೋಗ್ತಿದ್ದೆನಾ ನಾನು?" ಎಂದರು ಮಾಷ್ಟ್ರು.

ಹೌದು ಎಂದೆ. ಕ್ಷಮೆ ಕೇಳದೆಯೇ, ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಂದೆ.